ಮಾತಿನ ಲೆಕ್ಕವನ್ನು ಬೀಜೋಕ್ತಿಯಾಗಿಸುವ ಬಗೆ: ಪದವನ್ನಲ್ಲ, ಪ್ರತ್ಯಯವನ್ನು ಹಿಡಿಯಿರಿ

ಉಡುಪಿಯಲ್ಲಿ ಸಂಜೆ ಹೊತ್ತು ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುವ ನನ್ನ ಕಿವಿಗೆ ಹೆಚ್ಚಾಗಿ ಬೀಳುವ ದೂರು, "ಲೆಕ್ಕ ಬರುತ್ತದೆ, ಪ್ರಶ್ನೆಯೇ ಅರ್ಥವಾಗುವುದಿಲ್ಲ" ಎಂಬುದು. 2ಯ + 5 = 17 ಎಂದು ಬರೆದುಕೊಟ್ಟರೆ ಅರೆ ನಿಮಿಷದಲ್ಲಿ ಯ = 6 ಎನ್ನುವ ಮಗು, ಅದನ್ನೇ "ಒಂದು ಸಂಖ್ಯೆಯ ಎರಡರಷ್ಟಕ್ಕೆ ಐದನ್ನು ಸೇರಿಸಿದರೆ ಹದಿನೇಳಾಗುತ್ತದೆ" ಎಂದು ಕೇಳಿದಾಗ ಪೆನ್ಸಿಲ್ ಕಚ್ಚುತ್ತಾ ಕೂರುತ್ತದೆ. ಇದಕ್ಕೆ ಪರಿಹಾರವೆಂದು ಅನೇಕ ಗೈಡುಗಳು ಒಂದು ಪಟ್ಟಿಯನ್ನು ಕೊಡುತ್ತವೆ: 'ಹೆಚ್ಚು' ಎಂದರೆ ಕೂಡಿಸು, 'ಕಡಿಮೆ' ಎಂದರೆ ಕಳೆ, 'ಪಟ್ಟು' ಎಂದರೆ ಗುಣಿಸು. ಪಟ್ಟಿ ತಪ್ಪಲ್ಲ, ಆದರೆ ಅದೊಂದನ್ನೇ ನಂಬಿದವರು ಎರಡನೆಯ ಪ್ರಶ್ನೆಯಲ್ಲೇ ಎಡವುತ್ತಾರೆ. ಯಾವುದಕ್ಕೆ ಕೂಡಿಸಬೇಕು, ಯಾವುದರಿಂದ ಕಳೆಯಬೇಕು, ಯಾವುದರ ಪಟ್ಟು ಎಂಬುದನ್ನು ಕನ್ನಡದಲ್ಲಿ ಹೇಳುವುದು ಆ ಪದಗಳಲ್ಲ, ಅವುಗಳ ಪಕ್ಕದಲ್ಲಿರುವ 'ಗೆ', 'ಇಂದ', 'ಗಿಂತ', 'ದ' ಎಂಬ ಪ್ರತ್ಯಯಗಳು. ವ್ಯಾಕರಣದ ತರಗತಿಯಲ್ಲಿ ಕಲಿತ ವಿಭಕ್ತಿಗೆ ಗಣಿತದ ತರಗತಿಯಲ್ಲಿ ಕೆಲಸವಿದೆ ಎಂದು ಯಾರೂ ಹೇಳದೆ ಹೋದದ್ದೇ ಈ ತೊಡಕಿನ ಮೂಲ ಎಂದು ನನ್ನ ಅಭಿಪ್ರಾಯ.

2ಯ + 5ರಂತೆ ಸಂಖ್ಯೆ, ಅಕ್ಷರ, ಚಿಹ್ನೆಗಳನ್ನು ಸೇರಿಸಿ ಬರೆದದ್ದು ಬೀಜೋಕ್ತಿ; ಅದರಲ್ಲಿ ಬರುವ ಅಕ್ಷರಗಳ ಬಗ್ಗೆ ಒಂದು ಮಾತು. ಶಾಲೆಯ ಪುಸ್ತಕಗಳಲ್ಲಿ ಚರಾಕ್ಷರವೆಂದರೆ ಎಕ್ಸ್, ವೈ ಎಂಬ ರೂಢಿಯಿದೆ. ಗೊತ್ತಿಲ್ಲದ ಸಂಖ್ಯೆಗೆ ಅಕ್ಷರಮಾಲೆಯ ಕೊನೆಯ ಅಕ್ಷರಗಳನ್ನು ಬಳಸುವ ಈ ಪದ್ಧತಿ ಫ್ರಾನ್ಸಿನ ದೆಕಾರ್ತ್ 1637ರಲ್ಲಿ ಪ್ರಕಟಿಸಿದ ಬರಹದಿಂದ ಹರಡಿತು. ಅದಕ್ಕಿಂತ ಸುಮಾರು ಐದು ಶತಮಾನಗಳ ಮೊದಲೇ ಭಾಸ್ಕರಾಚಾರ್ಯರು ಅವ್ಯಕ್ತ ಸಂಖ್ಯೆಗೆ 'ಯಾವತ್ತಾವತ್' ಎಂದು ಹೆಸರಿಟ್ಟು 'ಯಾ' ಎಂದು ಚುಟುಕಾಗಿ ಬರೆಯುತ್ತಿದ್ದರು; ಎರಡನೆಯ, ಮೂರನೆಯ ಅವ್ಯಕ್ತಗಳು ಬಂದಾಗ ಬಣ್ಣಗಳ ಹೆಸರು ಹಿಡಿದು ಕಾಲಕ, ನೀಲಕ ಎಂದು 'ಕಾ', 'ನೀ' ಬಳಸುತ್ತಿದ್ದರು. ಆದ್ದರಿಂದ ಇಲ್ಲಿ ನಾನು ಕನ್ನಡ ಅಕ್ಷರಗಳನ್ನೇ ಬಳಸಿದರೆ ಅದು ಹೊಸ ಸಾಹಸವೇನಲ್ಲ.

ಮೊದಲ ಹೆಜ್ಜೆ: ಅಕ್ಷರ ಯಾವುದರ ಬದಲಿಗೆ ನಿಂತಿದೆ ಎಂದು ಬರೆದಿಡಿ

ಚರಾಕ್ಷರ ವಸ್ತುವಿನ ಹೆಸರಲ್ಲ, ಒಂದು ಸಂಖ್ಯೆಯ ಹೆಸರು. ಎಲ್ಲರೂ ಒಪ್ಪುವ ಈ ಮಾತನ್ನು ಬರೆಯುವಾಗ ಬಹುತೇಕ ಎಲ್ಲರೂ ಮರೆಯುತ್ತಾರೆ. ನಮ್ಮ ಕಡೆಯ ಮಲ್ಲಿಗೆಯ ಲೆಕ್ಕಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಶಂಕರಪುರದ ಸುತ್ತ ಬೆಳೆಯುವ ಉಡುಪಿ ಮಲ್ಲಿಗೆಯನ್ನು ತೂಕದಲ್ಲಿ ಅಳೆಯುವುದಿಲ್ಲ. ಸುಮಾರು 800 ಮೊಗ್ಗುಗಳನ್ನು ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ದಿನದಿನಕ್ಕೆ ಬದಲಾಗುತ್ತದೆ, ಮದುವೆಯ ದಿನಗಳಲ್ಲಿ ಏರಿ, ಮಾರನೆಯ ವಾರ ಇಳಿಯುತ್ತದೆ. ಇಲ್ಲಿ ಬದಲಾಗದ 4 ಸ್ಥಿರಾಂಕ, ಬದಲಾಗುವ ದರ ಚರ. ಅಟ್ಟೆಗೆ ಇವತ್ತು ಎಷ್ಟು ಎಂದು ಗೊತ್ತಿಲ್ಲದಿದ್ದರೂ, ಆ ದರವನ್ನು 'ದ' ರೂಪಾಯಿ ಎಂದಿಟ್ಟುಕೊಂಡು, 3 ಅಟ್ಟೆಗೆ 3ದ ರೂಪಾಯಿ, ಒಂದು ಚೆಂಡಿಗೆ ದ/4 ರೂಪಾಯಿ ಎಂದು ಬರೆದಿಡಬಹುದು.

ಈಗ ಮಕ್ಕಳಿಗೆ ನಾನು ಕೊಡುವ ಪ್ರಶ್ನೆ: "ನಾಲ್ಕು ಚೆಂಡಿಗೆ ಒಂದು ಅಟ್ಟೆ" ಎಂಬುದನ್ನು ಚ, ಅ ಎಂಬ ಅಕ್ಷರಗಳಲ್ಲಿ ಬರೆಯಿರಿ. ಹೆಚ್ಚಿನವರು ಮಾತು ಬಂದ ಸಾಲಿನಲ್ಲೇ 4ಚ = ಅ ಎಂದು ಬರೆಯುತ್ತಾರೆ. ಸರಿಯೋ ತಪ್ಪೋ? ಅಕ್ಷರಗಳ ಅರ್ಥ ಬರೆದಿಡದೆ ಇದಕ್ಕೆ ಉತ್ತರವೇ ಇಲ್ಲ. 'ಚ' ಎಂಬುದು ಚೆಂಡುಗಳ ಸಂಖ್ಯೆ, 'ಅ' ಎಂಬುದು ಅಟ್ಟೆಗಳ ಸಂಖ್ಯೆ ಆಗಿದ್ದರೆ ಅದು ತಪ್ಪು. ಬುಟ್ಟಿಯಲ್ಲಿ 2 ಅಟ್ಟೆ ಇದೆ ಎಂದುಕೊಳ್ಳಿ, ಚೆಂಡುಗಳು 8. ಅಂದರೆ ಚ = 8, ಅ = 2. ಬರೆದ ಸಮೀಕರಣದಲ್ಲಿ ಇಟ್ಟರೆ ಎಡಗಡೆ 32, ಬಲಗಡೆ 2. ಸರಿಯಾದುದು ಚ = 4ಅ. ಆದರೆ 'ಚ' ಎಂಬುದು ಒಂದು ಚೆಂಡಿನ ಬೆಲೆ, 'ಅ' ಎಂಬುದು ಒಂದು ಅಟ್ಟೆಯ ಬೆಲೆ ಆಗಿದ್ದರೆ, ಚೆಂಡಿಗೆ 150 ಇರುವ ದಿನ ಅಟ್ಟೆಗೆ 600, ಆಗ 4ಚ = ಅ ಎಂಬುದೇ ಸರಿ! ಅದೇ ಮಾತು, ಅದೇ ಅಕ್ಷರ, ತದ್ವಿರುದ್ಧ ಸಮೀಕರಣ. ಆದುದರಿಂದ ಉತ್ತರದ ಮೊದಲ ಸಾಲು ಯಾವಾಗಲೂ "ಚೆಂಡುಗಳ ಸಂಖ್ಯೆ = ಚ ಆಗಿರಲಿ" ಎಂಬಂತೆ ಪೂರ್ಣವಾಗಿರಬೇಕು; "ಚೆಂಡು = ಚ" ಎಂದು ಬರೆದ ಮಕ್ಕಳಿಗೆ ನಾನು ಅಲ್ಲೇ ಅಡ್ಡಗೆರೆ ಎಳೆಯುತ್ತೇನೆ. ಅದು ಜಿಪುಣತನವಲ್ಲ, ಮುಂದಿನ ತಪ್ಪುಗಳಲ್ಲಿ ಅರ್ಧದಷ್ಟು ಆ ಸಾಲಿನಿಂದಲೇ ಹುಟ್ಟುತ್ತವೆ.

ಎರಡನೆಯ ಹೆಜ್ಜೆ: ಪ್ರತ್ಯಯಕ್ಕೆ ಸುತ್ತು ಹಾಕಿ

ಪ್ರಶ್ನೆಯನ್ನು ಓದುವಾಗ ಸಂಖ್ಯೆಗಳಿಗೂ 'ಒಂದು ಸಂಖ್ಯೆ' ಎಂಬ ಮಾತಿಗೂ ಅಂಟಿಕೊಂಡ ಪ್ರತ್ಯಯಗಳಿಗೆ ಪೆನ್ಸಿಲಿನಿಂದ ಸುತ್ತು ಹಾಕಿ. ಕೂಡುವುದರಲ್ಲೂ ಗುಣಿಸುವುದರಲ್ಲೂ ಹಿಂದುಮುಂದಾದರೆ ನಷ್ಟವಿಲ್ಲ. ಯ + 5 ಮತ್ತು 5 + ಯ ಒಂದೇ. ಎಚ್ಚರ ಬೇಕಾದದ್ದು ಕಳೆಯುವಾಗ ಮತ್ತು ಭಾಗಿಸುವಾಗ.

"12ರಿಂದ ಒಂದು ಸಂಖ್ಯೆಯನ್ನು ಕಳೆಯಿರಿ" ಮತ್ತು "ಒಂದು ಸಂಖ್ಯೆಯನ್ನು 12ರಿಂದ ಕಳೆಯಿರಿ" ಎಂಬ ಎರಡು ವಾಕ್ಯಗಳಲ್ಲಿ ಪದಗಳ ಸ್ಥಾನ ಬದಲಾಗಿದೆ, ಅರ್ಥ ಬದಲಾಗಿಲ್ಲ. ಎರಡರಲ್ಲೂ 'ಇಂದ' ಅಂಟಿರುವುದು 12ಕ್ಕೆ. ಎರಡಕ್ಕೂ ಉತ್ತರ 12 − ಯ. ಕನ್ನಡದಲ್ಲಿ ಪದಗಳು ಜಾಗ ಬದಲಿಸಬಹುದು, ಪ್ರತ್ಯಯ ಮಾತ್ರ ತನ್ನ ಪದವನ್ನು ಬಿಟ್ಟು ಕದಲುವುದಿಲ್ಲ. ಕಳೆಯುವಾಗ 'ಇಂದ' ಹೊತ್ತ ಸಂಖ್ಯೆ ಮೊದಲು ಬರುತ್ತದೆ, 'ಅನ್ನು' ಹೊತ್ತದ್ದು ಕಳೆಯುವ ಚಿಹ್ನೆಯ ಬಳಿಕ ಬರುತ್ತದೆ.

ಭಾಗಾಕಾರಕ್ಕೆ ಬಂದಾಗ ಅದೇ 'ಇಂದ' ವೇಷ ಬದಲಿಸುತ್ತದೆ. "ಒಂದು ಸಂಖ್ಯೆಯನ್ನು 4ರಿಂದ ಭಾಗಿಸಿ" ಎಂಬಲ್ಲಿ 'ಇಂದ' ಹೊತ್ತ 4 ಕೆಳಗೆ ಹೋಗಬೇಕು: ಯ/4. ಕಾರಣ ವ್ಯಾಕರಣದಲ್ಲೇ ಇದೆ. "ಮರದಿಂದ ಹಣ್ಣು ಬಿತ್ತು" ಎಂಬಲ್ಲಿ 'ಇಂದ' ಹೊರಟ ಜಾಗವನ್ನು ಸೂಚಿಸಿದರೆ, "ಕತ್ತಿಯಿಂದ ಕಾಯಿ ಒಡೆದ" ಎಂಬಲ್ಲಿ ಉಪಕರಣವನ್ನು ಸೂಚಿಸುತ್ತದೆ. ಕಳೆಯುವಾಗಿನ 'ಇಂದ' ಮರದ ಹಾಗೆ, ಭಾಗಿಸುವಾಗಿನ 'ಇಂದ' ಕತ್ತಿಯ ಹಾಗೆ. ಮಕ್ಕಳಿಗೆ ಪಂಚಮಿ, ತೃತೀಯಾ ಎಂಬ ಹೆಸರುಗಳು ನೆನಪಿರಬೇಕಾಗಿಲ್ಲ. ಮರವೋ ಕತ್ತಿಯೋ ಎಂದು ಕೇಳಿದರೆ ಸಾಕು, ತಾವಾಗಿಯೇ ಸರಿಪಡಿಸಿಕೊಳ್ಳುತ್ತಾರೆ. ಮನೆಯಲ್ಲಿ ತುಳು ಆಡುವ ಮಕ್ಕಳಿಗೂ ಇದು ಹೊಸದೆನಿಸುವುದಿಲ್ಲ, ಪ್ರತ್ಯಯ ಕೇಳುವ ಕಿವಿ ಅವರಿಗೂ ಇದೆ.

'ಗಿಂತ' ಎಂಬುದು ಇನ್ನೂ ಸರಳ. "ಒಂದು ಸಂಖ್ಯೆಗಿಂತ 5 ಕಡಿಮೆ" ಎಂದರೆ ಯ − 5. "ಒಂದು ಸಂಖ್ಯೆಯ ಎರಡರಷ್ಟಕ್ಕಿಂತ 7 ಹೆಚ್ಚು" ಎಂದರೆ 2ಯ + 7. ಇಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಅನುಕೂಲವಿದೆ: ಮಾತು ಹೇಗೆ ಬರುತ್ತದೋ ಹಾಗೆಯೇ ಎಡದಿಂದ ಬಲಕ್ಕೆ ಬರೆಯಬಹುದು. ಇಂಗ್ಲಿಷಿನಲ್ಲಿ ಅದೇ ಮಾತಿನಲ್ಲಿ 5 ಮೊದಲು ಬಂದು ಸಂಖ್ಯೆ ಆಮೇಲೆ ಬರುವುದರಿಂದ ಅಲ್ಲಿನ ಮಕ್ಕಳು 5 − ಯ ಎಂದು ಬರೆದು ಪೇಚಾಡುತ್ತಾರೆ. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮಕ್ಕಳು ಪ್ರಶ್ನೆಯನ್ನು ಮನಸ್ಸಿನಲ್ಲೇ ಒಮ್ಮೆ ಕನ್ನಡಕ್ಕೆ ತಂದುಕೊಂಡರೆ ಈ ತೊಂದರೆ ಅಲ್ಲಿಗೇ ತಪ್ಪುತ್ತದೆ ಎಂಬುದನ್ನು ನಾನು ಹಲವು ಸಲ ನೋಡಿದ್ದೇನೆ.

ಒಂದು ಮಾತಿನಿಂದ ಮಾತ್ರ ದೂರವಿರಿ: "ಮೂರು ಪಟ್ಟು ಹೆಚ್ಚು". ಕೆಲವರು ಇದನ್ನು 3ಯ ಎಂಬ ಅರ್ಥದಲ್ಲಿ ಹೇಳುತ್ತಾರೆ, ಅಕ್ಷರಶಃ ಓದಿದರೆ ಯ + 3ಯ, ಅಂದರೆ 4ಯ. ನೀವು ಪ್ರಶ್ನೆ ತಯಾರಿಸುವವರಾಗಿದ್ದರೆ "ಮೂರರಷ್ಟು" ಎಂದೇ ಬರೆಯಿರಿ.

ಮೂರನೆಯ ಹೆಜ್ಜೆ: ಆವರಣ ಎಲ್ಲಿ?

"ಒಂದು ಸಂಖ್ಯೆ ಮತ್ತು 5ರ ಮೊತ್ತದ ಮೂರರಷ್ಟು" ಎಂಬಲ್ಲಿ 'ಮೊತ್ತ' ಎಂಬ ಪದಕ್ಕೆ 'ದ' ಅಂಟಿದೆ. ಮೊದಲು ಮೊತ್ತ ತಯಾರಾಗಬೇಕು, ಆಮೇಲೆ ಅದರ ಮೂರರಷ್ಟು: 3(ಯ + 5). "ಒಂದು ಸಂಖ್ಯೆಯ ಮೂರರಷ್ಟು ಮತ್ತು 5ರ ಮೊತ್ತ" ಎಂಬಲ್ಲಿ 'ಮೊತ್ತ' ಕೊನೆಯಲ್ಲಿ ಬರಿದಾಗಿ ನಿಂತಿದೆ: 3ಯ + 5. ಮೊತ್ತ, ವ್ಯತ್ಯಾಸ, ಗುಣಲಬ್ಧ ಇವುಗಳ ಮೇಲೆ 'ದ', 'ಕ್ಕೆ', 'ದಿಂದ' ಬಂದರೆ ಅದು ಆವರಣದ ಗುರುತು. ಹೀಗೆ ಒಂದು ಪ್ರತ್ಯಯ ಹಿಂದಿನ ಇಡೀ ಪದಪುಂಜವನ್ನು ಗಂಟು ಕಟ್ಟಿ ಮುಂದಕ್ಕೆ ಕೊಡುತ್ತದೆ. ಗುಣಲಬ್ಧವನ್ನು ಕೂಡುವಾಗ, ಕಳೆಯುವಾಗ, ಗುಣಿಸುವಾಗ ಆವರಣ ಹಾಕಿದರೂ ಬಿಟ್ಟರೂ ಉತ್ತರ ಒಂದೇ; ಗುಣಲಬ್ಧದಿಂದ ಭಾಗಿಸುವಾಗ, ಗುಣಲಬ್ಧದ ವರ್ಗ ಬರೆಯುವಾಗ ಮಾತ್ರ ಆವರಣ ಬಿಡಬೇಡಿ.

ದಿನಬಳಕೆಯ ಮಾತಿನಲ್ಲಿ ಮಾತ್ರ ಈ ಗಂಟು ಇಷ್ಟು ಸ್ಪಷ್ಟವಾಗಿರುವುದಿಲ್ಲ. ಕಟಪಾಡಿ ಸಮೀಪದ ನಮ್ಮ ನೆಂಟರ ಮನೆಯ ಉಪನಯನಕ್ಕೆ ಬಾಳೆ ಎಲೆ ತರಿಸುವ ಚೀಟಿಯನ್ನು ನಾನೇ ಬರೆದಿದ್ದೆ. "ಪಂಕ್ತಿಗೆ 60 ಎಲೆ, ಹರಿದದ್ದಕ್ಕೆ ಅಂತ 5 ಮೇಲೆ ಇರಲಿ" ಎಂದು ಅಡುಗೆಯವರು ಹೇಳಿದರು. ಪಂಕ್ತಿಗಳು ನಾಲ್ಕು. ನಾನು 60ಪ + 5 ಎಂದು ಲೆಕ್ಕ ಹಾಕಿ 245 ಎಂದು ಬರೆದೆ. ಅವರ ಮನಸ್ಸಿನಲ್ಲಿದ್ದದ್ದು ಪಂಕ್ತಿಯೊಂದಕ್ಕೆ 5 ಹೆಚ್ಚು, ಅಂದರೆ (60 + 5)ಪ, 260 ಎಲೆ. ಮೊದಲ ಪಂಕ್ತಿಗಳಲ್ಲಿ ಹರಿದ ಎಲೆಗಳನ್ನು ಧಾರಾಳವಾಗಿ ಬದಿಗಿಟ್ಟು ಕೊನೆಯ ಪಂಕ್ತಿಗೆ ಬಂದಾಗ ಎಲೆ ಸಾಲದೆ, ಹುಡುಗರು ಹಿತ್ತಲಿಗೆ ಓಡಿ ಕೊಯ್ದು ತರುವವರೆಗೆ ಜನ ಬರಿಯ ನೆಲದ ಮುಂದೆ ಕುಳಿತಿದ್ದರು. ಗಣಿತ ಹೇಳಿಕೊಡುವವನ ಚೀಟಿ ಎಂದು ಇವತ್ತಿಗೂ ನೆನಪಿಸುತ್ತಾರೆ. "5 ಮೇಲೆ" ಎಂದವರನ್ನು "ಪಂಕ್ತಿಗೋ, ಒಟ್ಟಿಗೋ?" ಎಂದು ಕೇಳುವುದೊಂದನ್ನು ನಾನು ಮರೆತಿದ್ದೆ. ಆ ಒಂದು 'ಗೆ' ಆವರಣದ ಜಾಗವನ್ನು ತೀರ್ಮಾನಿಸುತ್ತಿತ್ತು.

ಘಟನೆಗಳು ಒಂದರ ನಂತರ ಒಂದು ನಡೆಯುವ ಲೆಕ್ಕದಲ್ಲಿ ಕಾಲಕ್ರಮವೇ ಆವರಣ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಉಡುಪಿಗೆ ಹೊರಟ ಬಸ್ಸಿನಲ್ಲಿ ಪ ಮಂದಿ ಇದ್ದರು. ಸುರತ್ಕಲ್‌ನಲ್ಲಿ 9 ಮಂದಿ ಇಳಿದು 4 ಮಂದಿ ಹತ್ತಿದರು. ಮೂಲ್ಕಿಯಲ್ಲಿ, ಇದ್ದವರಲ್ಲಿ ಅರ್ಧದಷ್ಟು ಜನ ಇಳಿದರು. ಪಡುಬಿದ್ರಿಯಲ್ಲಿ 6 ಮಂದಿ ಹತ್ತಿದರು. ಸುರತ್ಕಲ್ ದಾಟಿದಾಗ ಪ − 5, ಮೂಲ್ಕಿ ದಾಟಿದಾಗ (ಪ − 5)/2, ಪಡುಬಿದ್ರಿ ದಾಟಿದಾಗ (ಪ − 5)/2 + 6. ಒಂದೊಂದು ಊರಿಗೆ ಒಂದೊಂದು ಸಾಲು ಬರೆದವರು ತಪ್ಪುವುದಿಲ್ಲ, ಎಲ್ಲವನ್ನೂ ಒಂದೇ ಸಾಲಿಗೆ ತುರುಕಿದವರು ಪ − 5/2 + 6 ಎಂದು ಬರೆದು ಎರಡೂವರೆ ಮಂದಿಯನ್ನು ಇಳಿಸುತ್ತಾರೆ. ಪ = 45 ಇಟ್ಟು ನೋಡಿದರೆ 26 ಮಂದಿ; ಪ = 44 ಇಟ್ಟರೆ ಮೂಲ್ಕಿಯಲ್ಲಿ ಹತ್ತೊಂಬತ್ತೂವರೆ ಮಂದಿ ಉಳಿಯುತ್ತಾರೆ, ಅಂದರೆ ಈ ಕತೆಯಲ್ಲಿ ಪ ಬೆಸ ಸಂಖ್ಯೆಯೇ ಆಗಿರಬೇಕು.

ನಾಲ್ಕನೆಯ ಹೆಜ್ಜೆ: ಯಾರಿಗೆ ಅಕ್ಷರ ಕೊಡುವುದು?

ಎರಡು ಗೊತ್ತಿಲ್ಲದ ಪರಿಮಾಣಗಳಿರುವಾಗ 'ಗಿಂತ' ಅಥವಾ 'ಅಷ್ಟು' ಯಾರ ಜೊತೆ ತೂಗಿ ನೋಡುತ್ತದೋ ಅವರಿಗೆ ಅಕ್ಷರ ಕೊಡಿ. "ಅಕ್ಕ ತಮ್ಮನಿಗಿಂತ 4 ವರ್ಷ ದೊಡ್ಡವಳು" ಎಂಬಲ್ಲಿ ಅಳತೆಗೋಲು ತಮ್ಮ. ತಮ್ಮನ ಈಗಿನ ವಯಸ್ಸು = ತ; ಅಕ್ಕನದು ತ + 4. ಅಕ್ಕನ ವಯಸ್ಸನ್ನು ಅ ಎಂದಿಟ್ಟು ತಮ್ಮನದನ್ನು ಅ − 4 ಎಂದರೂ ತಪ್ಪಲ್ಲ, ಆದರೆ ಕಳೆಯುವ ಚಿಹ್ನೆ ಕಡಿಮೆಯಿದ್ದಷ್ಟು ಕೈತಪ್ಪು ಕಡಿಮೆ. ಮುಂದೆ "6 ವರ್ಷಗಳ ಹಿಂದೆ ಅಕ್ಕನ ವಯಸ್ಸು ತಮ್ಮನ ವಯಸ್ಸಿನ ಮೂರರಷ್ಟಿತ್ತು" ಎಂದು ಬಂದಾಗ ಕಾಲ ಹಿಂದೆ ಸರಿಯುವುದು ಇಬ್ಬರಿಗೂ: ತಮ್ಮನಿಗೆ ತ − 6, ಅಕ್ಕನಿಗೆ ತ − 2. ಆದ್ದರಿಂದ ತ − 2 = 3(ತ − 6), ತ = 8. ಒಬ್ಬರ ವಯಸ್ಸಿನಿಂದ ಮಾತ್ರ 6 ಕಳೆಯುವುದು ಈ ಲೆಕ್ಕದ ಸಾಂಪ್ರದಾಯಿಕ ತಪ್ಪು.

ಇಲ್ಲಿ ವಾಕ್ಯ ಬಂದದ್ದರಿಂದ ಸಮ ಚಿಹ್ನೆಯೂ ಬಂದಿತು ಎಂಬುದನ್ನು ಗಮನಿಸಿ. "ತಮ್ಮನ ವಯಸ್ಸಿನ ಮೂರರಷ್ಟು" ಎಂಬುದು ಕ್ರಿಯಾಪದವಿಲ್ಲದ ಪದಪುಂಜ, ಅದಕ್ಕೆ ಬೀಜೋಕ್ತಿ ಸಾಕು. 'ಆಗಿದೆ', 'ಆಗುತ್ತದೆ', 'ಇತ್ತು' ಎಂದು ಕ್ರಿಯಾಪದ ಬಂದು ವಾಕ್ಯ ಪೂರ್ಣಗೊಂಡರೆ ಸಮೀಕರಣ. ಬೀಜೋಕ್ತಿ ಕೇಳಿದ ಕಡೆ "= 0" ಎಂದು ಸೇರಿಸಿ ಬಿಡಿಸತೊಡಗುವ ಮಕ್ಕಳಿಗೆ ಈ ಗುರುತು ಸಾಕಾಗುತ್ತದೆ.

ದಾರಿಯಲ್ಲಿ ಸಿಗುವ ಕೆಲವು ಲೆಕ್ಕಗಳು

'ತಲಾ' ಎಂಬ ಪದ ಎರಡು ಬದಿಗೂ ಹೊರಳುತ್ತದೆ. ವ ವಿದ್ಯಾರ್ಥಿಗಳು ಮಲ್ಪೆಗೆ ಹೋಗಿ ಸೇಂಟ್ ಮೇರೀಸ್ ದ್ವೀಪದ ದೋಣಿಗೆ ತಲಾ 250 ರೂಪಾಯಿ ಕೊಟ್ಟರು ಎಂದಿಟ್ಟುಕೊಂಡರೆ ಒಟ್ಟು 250ವ. 6000 ರೂಪಾಯಿಯ ಬಸ್ ಬಾಡಿಗೆಯನ್ನು ಹಂಚಿಕೊಂಡರೆ ತಲಾ 6000/ವ. ತಲೆಗೆ ಎಷ್ಟೆಂದು ಗೊತ್ತಿದ್ದರೆ ಗುಣಿಸಿ, ಒಟ್ಟು ಗೊತ್ತಿದ್ದರೆ ಭಾಗಿಸಿ. ಕೊನೆಯ ಗಳಿಗೆಯಲ್ಲಿ 5 ಮಂದಿ ಬಾರದೆ ಹೋದರೆ ಬಸ್ಸಿಗೆ ತಲಾ 6000/(ವ − 5); ವ = 30 ಆಗಿದ್ದರೆ 200 ಇದ್ದದ್ದು 240 ಆಗುತ್ತದೆ.

ರಿಕ್ಷಾ ಬಾಡಿಗೆಯ ಲೆಕ್ಕ ನನಗೆ ಪ್ರಿಯವಾದುದು. ಮೊದಲ ಒಂದೂವರೆ ಕಿಲೋಮೀಟರಿಗೆ ಕನಿಷ್ಠ ದರ, ನಂತರದ ಪ್ರತಿ ಕಿಲೋಮೀಟರಿಗೆ ಇಂತಿಷ್ಟು ಎಂಬ ಕ್ರಮದಲ್ಲಿ ಮುಖ್ಯ ಪದ 'ನಂತರದ'. ಲೆಕ್ಕದ ಸಲುವಾಗಿ ಕನಿಷ್ಠ ದರ 40, ಆಮೇಲೆ ಕಿಲೋಮೀಟರಿಗೆ 20 ಎಂದುಕೊಂಡರೆ, ಒಟ್ಟು ದೂರ ಯ ಆದಾಗ ಬಾಡಿಗೆ 40 + 20ಯ ಅಲ್ಲ, 40 + 20(ಯ − 1.5). ನಾಲ್ಕು ಕಿಲೋಮೀಟರಿಗೆ ಇದು 90 ರೂಪಾಯಿ. ಮೊದಲನೆಯದನ್ನು ನಂಬಿದವರು 120 ಕೊಟ್ಟು ಇಳಿಯುತ್ತಾರೆ. ರಾತ್ರಿ ಒಂದೂವರೆ ಪಟ್ಟು ಎಂದಾದರೆ ಇಡೀ ಬಾಡಿಗೆಯೇ ಆವರಣದೊಳಗೆ ಹೋಗಬೇಕು, ಕನಿಷ್ಠ ದರವೊಂದೇ ಅಲ್ಲ. ಇನ್ನೊಂದು ಸೂಕ್ಷ್ಮ: ಯ = 1 ಇಟ್ಟರೆ ಬೀಜೋಕ್ತಿ 30 ಎನ್ನುತ್ತದೆ, ಆದರೆ ಯಾವ ಚಾಲಕರೂ ಕನಿಷ್ಠ ದರಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ. ಈ ಬೀಜೋಕ್ತಿ ಯ ಒಂದೂವರೆಗಿಂತ ಕಡಿಮೆ ಇಲ್ಲದಾಗ ಮಾತ್ರ ಸಲ್ಲುತ್ತದೆ ಎಂದು ಪಕ್ಕದಲ್ಲಿ ಬರೆಯಬೇಕು.

ರಥಬೀದಿಯ ಪರ್ಯಾಯದಲ್ಲೂ ಒಂದು ಬೀಜೋಕ್ತಿಯಿದೆ. ಉಡುಪಿಯ ಎಂಟು ಮಠಗಳು ಎರಡೆರಡು ವರ್ಷದಂತೆ ಶ್ರೀಕೃಷ್ಣನ ಪೂಜೆಯ ಹೊಣೆ ಹೊರುವುದರಿಂದ ಒಂದು ಮಠದ ಸರದಿ 16 ವರ್ಷಗಳಿಗೊಮ್ಮೆ ಮರಳಿ ಬರುತ್ತದೆ. ಪುತ್ತಿಗೆ ಮಠದ ಪರ್ಯಾಯ 2008ರಲ್ಲಿ, ಮತ್ತೆ 2024ರಲ್ಲಿ ಆರಂಭವಾಯಿತು. 2024ರ ಬಳಿಕ ಸ ಸುತ್ತುಗಳಾದ ಮೇಲೆ ಬರುವ ವರ್ಷ 2024 + 16ಸ. ಯಾವುದೇ ಮಠದ್ದಾಗಲಿ, 2024ರ ಬಳಿಕದ ನ-ನೆಯ ಪರ್ಯಾಯ ಶುರುವಾಗುವ ವರ್ಷ 2024 + 2ನ. ಮರುಕಳಿಸುವುದೆಲ್ಲ ಈ ಅಚ್ಚಿನದ್ದೇ: ಮೊದಲ ಬೆಲೆ, ಅದಕ್ಕೆ ಸೇರುವ ಹೆಜ್ಜೆಯ ಅಳತೆ, ಹೆಜ್ಜೆಗಳ ಸಂಖ್ಯೆ.

ಉಳಿದವು ಚಿಕ್ಕವು. ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು ಎಂಬ ನಮ್ಮ ಪದಗಳು ನೇರವಾಗಿ ಸಹಗುಣಕಗಳು, ಅಂದರೆ ಅಕ್ಷರವನ್ನು ಗುಣಿಸುವ ಸಂಖ್ಯೆಗಳು: ಒಂದು ಸಂಖ್ಯೆಯ ಮುಕ್ಕಾಲು ಪಾಲು ಎಂದರೆ 3ಯ/4. ಬೆಲೆ ಬ ಇರುವ ಸೀರೆಗೆ ಶೇಕಡಾ 5 ರಿಯಾಯಿತಿ ಎಂದರೆ ಬ − 5 ಅಲ್ಲ, ಬ − 5ಬ/100. ಶೇಕಡಾ ಎಂಬುದು ಯಾವುದರ ಶೇಕಡಾ ಎಂದು ಕೇಳದೆ ಬರೆಯಬಾರದು. ಹತ್ತರ ಸ್ಥಾನದಲ್ಲಿ ಹ, ಬಿಡಿ ಸ್ಥಾನದಲ್ಲಿ ಬ ಇರುವ ಸಂಖ್ಯೆ 10ಹ + ಬ. 'ಹಬ' ಎಂದು ಒತ್ತಾಗಿ ಬರೆದರೆ ಅದು ಅವೆರಡರ ಗುಣಲಬ್ಧವಾಗಿಬಿಡುತ್ತದೆ.

ತಾಳೆ ನೋಡುವುದು ಮತ್ತು ತಿರುಗಿ ಹೇಳುವುದು

ಬರೆದ ಬೀಜೋಕ್ತಿಯಲ್ಲಿ ಒಂದು ಸುಲಭದ ಸಂಖ್ಯೆಯನ್ನು ಇಟ್ಟು, ಬಾಯಿಲೆಕ್ಕದ ಉತ್ತರದೊಂದಿಗೆ ತಾಳೆಯಾಗುತ್ತದೆಯೇ ನೋಡಿ. ಇದಕ್ಕೆ 0, 1, 2 ಎಂಬ ಸಂಖ್ಯೆಗಳನ್ನು ಆರಿಸಬೇಡಿ; 2ಯ ಮತ್ತು ಯ² ಎರಡೂ ಯ = 2 ಇದ್ದಾಗ 4 ಎಂದೇ ಹೇಳಿ ನಿಮ್ಮನ್ನು ಮೋಸಗೊಳಿಸುತ್ತವೆ. 7 ಅಥವಾ 10 ಒಳ್ಳೆಯದು.

ಇದಕ್ಕಿಂತಲೂ ಹೆಚ್ಚು ಫಲ ಕೊಡುವ ಅಭ್ಯಾಸ ತಿರುಗಿ ಹೇಳುವುದು: ಬೀಜೋಕ್ತಿಯನ್ನು ಕೊಟ್ಟು, ಅದಕ್ಕೆ ಒಪ್ಪುವ ಸನ್ನಿವೇಶವನ್ನು ಮಕ್ಕಳಿಂದ ಕಟ್ಟಿಸುವುದು. ಒಂದು ಸಂಜೆ ನಾನು 50 − 3ಯ ಎಂದು ಬರೆದು ಕೂತೆ. ಮೊದಲಿಬ್ಬರು ಪುಸ್ತಕದ ಭಾಷೆಯಲ್ಲೇ "50ರಿಂದ ಒಂದು ಸಂಖ್ಯೆಯ ಮೂರರಷ್ಟನ್ನು ಕಳೆದಾಗ" ಎಂದರು. ಮೂರನೆಯವಳು ಏಳನೆಯ ತರಗತಿಯ ಹುಡುಗಿ, "ಐವತ್ತರ ನೋಟು ಕೊಟ್ಟು ಮೂರು ಪ್ಲೇಟ್ ಗೋಳಿಬಜೆ ತಗೊಂಡ್ರೆ ವಾಪಸ್ ಸಿಗುವ ಚಿಲ್ರೆ ಸರ್" ಎಂದಳು. 'ಯ' ಏನು ಎಂದೆ. "ಒಂದು ಪ್ಲೇಟಿನ ರೇಟು" ಎಂದಳು. ಗೋಳಿಬಜೆ ಎನ್ನಲಿಲ್ಲ, ರೇಟು ಎಂದಳು. ಪ್ಲೇಟಿಗೆ 20 ರೂಪಾಯಿ ಆದರೆ ಎಂದು ಕೇಳಿದಾಗ, ಬೆರಳಲ್ಲಿ ಎಣಿಸಿ ಸ್ವಲ್ಪ ಯೋಚಿಸಿದಳು.

"ಹತ್ತು ರೂಪಾಯಿ ನಾಳೆ ಕೊಡ್ತೇನೆ ಅಂತ ಹೇಳ್ಬೇಕು ಸರ್."